ಪ್ರಾಕ್ಸ್‌ಮಾಕ್ಸ್ ಬಳಸಿ ನೋಡಿದೆ: ಗಂಗಾವತಿಯ ರೈಸ್ ಮಿಲ್ಲು, ಎರಡು ಹಳೇ ಕಂಪ್ಯೂಟರ್, ಒಂದು ಕಾಟಾ

ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಓದಿದ್ದು ಬಿ.ಕಾಂ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಎಲ್ಲರೂ ನನ್ನನ್ನೇ ಕರೆಯುತ್ತಾರೆ, ಹಾಗೇ ಸರ್ವರ್ ಕೆಲಸವೂ ನನ್ನ ಕೊರಳಿಗೆ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಪ್ರಾಕ್ಸ್‌ಮಾಕ್ಸ್ ಹಾಕಿದೆ. ಆಮೇಲೆ ಎರಡು ಮುಂಗಾರಿನ ಭತ್ತ, ಒಂದು ಬೇಸಿಗೆ ಭತ್ತ ಅದರ ಮೇಲೇ ತೂಗಿ ಹೋಗಿವೆ. ಹಾಕಿದ ಮರುದಿನ ಐದು ಸ್ಟಾರ್ ಕೊಟ್ಟು ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ನಾನು ಸ್ವಲ್ಪ ಪೆಟ್ಟು ತಿಂದ ಮೇಲೆ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಒಂದು ಕಂಪ್ಯೂಟರಿನೊಳಗೆ ನಾಲ್ಕಾರು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್ ಇದು. ಆಸ್ಟ್ರಿಯಾದ ವಿಯೆನ್ನಾದ ಕಂಪನಿಯದು, 2008ರಿಂದ ಇದೆ, ಒಳಗಿರುವುದು ಡೆಬಿಯನ್ ಲಿನಕ್ಸ್. ಬಳಸಲು ದುಡ್ಡು ಕೊಡಬೇಕಿಲ್ಲ. ಎರಡು ಮೂರು ಯಂತ್ರ ಜೋಡಿಸಿ ಕ್ಲಸ್ಟರ್ ಮಾಡಿದರೆ, ಒಂದು ಸತ್ತಾಗ ಅದರೊಳಗಿದ್ದ ಕಂಪ್ಯೂಟರ್ (ಇದಕ್ಕೆ ವರ್ಚುವಲ್ ಮೆಷಿನ್ ಅನ್ನುತ್ತಾರೆ) ಇನ್ನೊಂದರಲ್ಲಿ ತಾನಾಗಿ ಏಳುತ್ತದೆ. ನನಗೆ ಬೇಕಿದ್ದದ್ದು ಅದೊಂದೇ.

ಮಿಲ್ಲಿನ ಸರ್ವರ್ ಅಂದರೆ ದೊಡ್ಡದೇನಲ್ಲ. ಟ್ಯಾಲಿ ಇದೆ, ನಾಲ್ಕು ಜನ ಒಟ್ಟಿಗೆ ಬಳಸುತ್ತೇವೆ. ಕಾಟಾದ, ಅಂದರೆ ಗಾಡಿ ತೂಗುವ ವೇಬ್ರಿಡ್ಜಿನ ಸಾಫ್ಟ್‌ವೇರ್ ಇದೆ, ಅದರ ಹಿಂದೆ ಲೆಕ್ಕ ಬರೆದಿಡುವ ಡೇಟಾಬೇಸ್, ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್. ಭತ್ತದ ಗಾಡಿ ಬಂದಾಗ ಒಂದು ತೂಕ, ಖಾಲಿಯಾಗಿ ಹೊರಡುವಾಗ ಇನ್ನೊಂದು ತೂಕ, ಒಂದರಲ್ಲಿ ಒಂದು ಕಳೆದರೆ ಭತ್ತ ಎಷ್ಟು ಅಂತ ಬರುತ್ತದೆ. ಆ ಚೀಟಿಯ ಮೇಲೆಯೇ ರೈತರ ದುಡ್ಡು, ದಲಾಲಿ, ಹಮಾಲಿ ಎಲ್ಲಾ. ಕಾಟಾ ನಿಂತರೆ ಮಿಲ್ಲು ನಿಂತ ಹಾಗೆ.

2022ರ ನವೆಂಬರ್‌ನಲ್ಲಿ ಅದು ನಿಂತೇಬಿಟ್ಟಿತು. ಟೇಬಲ್ ಕೆಳಗಿದ್ದ ಒಂದೇ ಒಂದು ಯಂತ್ರ, ಅದರ ಹಾರ್ಡ್‌ಡಿಸ್ಕ್ ಬೆಳಿಗ್ಗೆ ಟಕ್ ಟಕ್ ಅಂದು ಸುಮ್ಮನಾಯಿತು. ಹೊರಗೆ ಟ್ರ್ಯಾಕ್ಟರುಗಳ ಸಾಲು ಮೇನ್ ರೋಡಿಗೆ ಮುಟ್ಟಿತ್ತು. ನೋಡಿಕೊಳ್ಳುತ್ತಿದ್ದವರಿಗೆ ಫೋನ್ ಮಾಡಿದರೆ, ಗಾಬರಿ ಬೀಳಬೇಡಿ ಸರ್, ದಿನಾ ರಾತ್ರಿ ಬ್ಯಾಕಪ್ ಆಗುತ್ತಿದೆ ಅಂದರು. ಆಗುತ್ತಿದ್ದದ್ದು ನಿಜ. ಆದರೆ ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ, ಅದೇ ಡಿಸ್ಕಿನ ಇನ್ನೊಂದು ಭಾಗಕ್ಕೆ! ನನ್ನ ಪೆನ್‌ಡ್ರೈವ್‌ನಲ್ಲಿ ಮೂರು ವಾರದ ಹಿಂದಿನದೊಂದು ಕಾಪಿ ಇತ್ತು, ಅದೂ ಅದೃಷ್ಟಕ್ಕೆ. ಎರಡು ದಿನ ಕೈಯಲ್ಲಿ ಚೀಟಿ ಬರೆದೆವು. ಮೂರು ವಾರದ ಲೆಕ್ಕವನ್ನು ಕಾರ್ಬನ್ ಕಾಪಿ ನೋಡಿ ಮತ್ತೆ ಹೊಡೆಯುವುದರಲ್ಲಿ ಸಂಕ್ರಾಂತಿ ಬಂತು.

ಅಷ್ಟಾದರೂ ಎರಡನೇ ಸರ್ವರ್ ಮಾತು ತೆಗೆದಾಗೆಲ್ಲ ನಮ್ಮ ಸಾಹುಕಾರರು, "ಈಗ ಚಲೋನ ನಡ್ದೈತಲ್ಲ, ಸುಮ್ನ ಇನ್ನೊಂದು ಯಾಕ್ರಿ" ಅನ್ನುತ್ತಿದ್ದರು. ಅವರ ಮನಸ್ಸು ಬದಲಾಯಿಸಿದ್ದು ನಾನಲ್ಲ, ತುಂಗಭದ್ರಾ ಡ್ಯಾಮು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿ ಹೋಯಿತಲ್ಲ, ಆಗ ಈ ಭಾಗದಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಎಡದಂಡೆ ಕಾಲುವೆ ನೀರಿಲ್ಲದಿದ್ದರೆ ಭತ್ತ ಇಲ್ಲ, ಭತ್ತ ಇಲ್ಲದಿದ್ದರೆ ಮಿಲ್ಲಿಗೆ ಬೀಗ. ಆ ಜಾಗಕ್ಕೆ ಇಳಿಸಲು ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ಗೇಟು ಹೊಸದಾಗಿ ಮಾಡಿಸಿ ತರಬೇಕಾಯಿತು, ನೀರು ನಿಲ್ಲಿಸುವಷ್ಟರಲ್ಲಿ ಒಂದು ವಾರ ಹೋಯಿತು. ಅದಾದ ಮೇಲೆ ಒಂದು ಸಂಜೆ ಸಾಹುಕಾರರೇ ಕರೆದು ಕೇಳಿದರು, "ನಿಮ್ಮ ಸರ್ವರಿಗೆ ಸ್ಟಾಪ್‌ಲಾಗ್ ಐತೇನ್ರಿ?"

ಇಲ್ಲ ಅಂದೆ. ಲೆಕ್ಕ ಹಾಕಿ ಕೊಡ್ರಿ ಅಂದರು.

ಒಬ್ಬ ಮಾರಾಟಗಾರರು ನಾಲ್ಕೂವರೆ ಲಕ್ಷಕ್ಕೆ ಕೊಟೇಶನ್ ಕೊಟ್ಟರು. ಅದನ್ನು ತೋರಿಸುವ ಧೈರ್ಯ ನನಗೆ ಬರಲಿಲ್ಲ. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್, ವಿಎಂವೇರ್ ಕಂಪನಿಯ ಉಚಿತ ಇಎಸ್‌ಎಕ್ಸ್‌ಐ ಬಗ್ಗೆ ಕೇಳಿದ್ದೆ, ಆದರೆ 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಆ ಕಂಪನಿಯನ್ನು ಕೊಂಡಿತು, 2024ರ ಫೆಬ್ರವರಿಗೆ ಉಚಿತ ಆವೃತ್ತಿ ನಿಂತಿತು. 2025ರಲ್ಲಿ ಮತ್ತೆ ಬಿಟ್ಟರು ಅನ್ನಿ, ಅಷ್ಟೊತ್ತಿಗೆ ನಾವು ಈ ಕಡೆ ಬಂದಾಗಿತ್ತು. ಮೈಕ್ರೋಸಾಫ್ಟ್‌ನ ಹೈಪರ್-ವಿ ರೆಪ್ಲಿಕಾ ಇದೆ, ಅದರಲ್ಲಿ ಒಂದು ಯಂತ್ರ ಸತ್ತರೆ ಇನ್ನೊಂದನ್ನು ನಾವೇ ಕೈಯಾರೆ ಎಬ್ಬಿಸಬೇಕು. ನಾನು ಯಾವುದಾದರೂ ಮದುವೆಗೆ ಹೋಗಿದ್ದಾಗ ಎಬ್ಬಿಸುವವರು ಯಾರು? ಕಡೆಗೆ ಪ್ರಾಕ್ಸ್‌ಮಾಕ್ಸ್ ಅಂತ ಆಯಿತು.

ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದೇ ಥರದ ಎರಡು ಸೆಕೆಂಡ್ ಹ್ಯಾಂಡ್ ಟವರ್ ತಂದೆ. ತಲಾ 32 ಜಿಬಿ ಮೆಮೊರಿ, ತಲಾ ಎರಡು ಹೊಸ ಎಸ್‌ಎಸ್‌ಡಿ. ರಾಸ್ಪ್‌ಬೆರಿ ಪೈ ಅನ್ನುವ ಒಂದು ಅಂಗೈಯಗಲದ ಕಂಪ್ಯೂಟರ್, ಒಂದು ಒಳ್ಳೆಯ ನೆಟ್‌ವರ್ಕ್ ಸ್ವಿಚ್ಚು, ಬ್ಯಾಕಪ್‌ಗೆ ಅಂತ ಎರಡು 4 ಟಿಬಿ ಹಾರ್ಡ್‌ಡಿಸ್ಕ್. ಆಮೇಲೆ ಕೊಂಡ ಯುಪಿಎಸ್ ಸೇರಿ ಒಟ್ಟು ಖರ್ಚು 1 ಲಕ್ಷ 20 ಸಾವಿರದ ಹತ್ತಿರ. ವಿಂಡೋಸ್ ಲೈಸೆನ್ಸ್ ಬೇರೆ, ವರ್ಚುವಲ್ ಆದರೂ ವಿಂಡೋಸ್ ವಿಂಡೋಸೇ, ಅದಕ್ಕೆ ದುಡ್ಡು ಕಟ್ಟಲೇಬೇಕು.

ಇನ್‌ಸ್ಟಾಲ್ ಮಾಡುವುದು ಸಲೀಸು. ಪೆನ್‌ಡ್ರೈವ್ ಹಾಕಿ ನಾಲ್ಕು ಸಲ ನೆಕ್ಸ್ಟ್ ಒತ್ತಿದರೆ ಮುಗಿಯಿತು, ಆಮೇಲೆ ಎಲ್ಲವೂ ಬ್ರೌಸರಿನಲ್ಲಿ, ಐಪಿ ವಿಳಾಸದ ಮುಂದೆ 8006 ಹಾಕಿದರೆ ಸಾಕು. ಸಿಕ್ಕಿಬಿದ್ದದ್ದು ವಿಂಡೋಸ್ ಹಾಕುವಾಗ. ಡಿಸ್ಕೇ ಕಾಣಿಸುತ್ತಿಲ್ಲ ಅಂತ ಅದು, ಡಿಸ್ಕ್ ಇದೆ ಅಂತ ನಾನು, ಒಂದು ಮಧ್ಯಾಹ್ನವೆಲ್ಲ ಇದೇ ಜಗಳ. ವಿಂಡೋಸಿಗೆ ಈ ವರ್ಚುವಲ್ ಡಿಸ್ಕ್ ಕಾಣಿಸಲು ಬೇಕಾದ ವರ್ಟ್‌ಐಒ ಡ್ರೈವರಿನ ಐಎಸ್‌ಒ ಫೈಲನ್ನು ಎರಡನೇ ಸಿಡಿ ಥರ ಜೋಡಿಸಿ, ಅಲ್ಲಿಂದ ಡ್ರೈವರ್ ತೋರಿಸಬೇಕಂತೆ. ತೋರಿಸಿದ ಮೇಲೆ ಸರಿಹೋಯಿತು. ಲಾಗಿನ್ ಆದಾಗೆಲ್ಲ ನಿಮಗೆ ಚಂದಾ ಇಲ್ಲ ಅಂತ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಓಕೆ ಒತ್ತಿ ಮುಂದೆ ಹೋಗುತ್ತೇನೆ, ನನಗೆ ಅಭ್ಯಾಸವಾಗಿದೆ. ಆದರೆ ಅಪ್‌ಡೇಟ್ ತರುವ ಜಾಗವನ್ನು ಚಂದಾ ಇಲ್ಲದವರ ರೆಪಾಸಿಟರಿಗೆ ಬದಲಿಸಿಕೊಳ್ಳುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಅಪ್‌ಡೇಟ್ ಒತ್ತಿದಾಗೆಲ್ಲ ಕೆಂಪು ಎರರ್ ಬರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎರಡು ಯಂತ್ರ ಇದ್ದರೆ ಫೇಲ್‌ಓವರ್, ಅಂದರೆ ಒಂದು ಸತ್ತಾಗ ಕೆಲಸ ತಾನಾಗಿ ಇನ್ನೊಂದಕ್ಕೆ ಹೋಗುವುದು, ಆಗುತ್ತದೆ ಅಂದುಕೊಂಡಿದ್ದೆ. ಆಗುವುದಿಲ್ಲ. ಮೂರನೆಯದು ಬೇಕು.

ಯಾಕೆ ಅಂದರೆ, ಇದು ಪಂಚಾಯ್ತಿ ಕೂಡಿಸುವ ವ್ಯವಸ್ಥೆ. ಒಟ್ಟು ಓಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಯಾರ ಕಡೆ ಇದೆಯೋ ಅವರ ಮಾತು ನಡೆಯುತ್ತದೆ. ಎರಡೇ ಯಂತ್ರ ಇದ್ದು ಒಂದು ಕಾಣೆಯಾದರೆ, ಉಳಿದದ್ದರ ಹತ್ತಿರ ಎರಡರಲ್ಲಿ ಒಂದು ಓಟು, ಅಂದರೆ ಅರ್ಧ ಮಾತ್ರ. ಜೊತೆಯವನು ಸತ್ತಿದ್ದಾನಾ, ಇಲ್ಲ ನಡುವಿನ ಕೇಬಲ್ ಕಡಿದಿದೆಯಾ ಅಂತ ಅದಕ್ಕೆ ತಿಳಿಯುವುದಿಲ್ಲ. ಕೇಬಲ್ ಕಡಿದಿದ್ದು, ಇಬ್ಬರೂ ತಾನೇ ಯಜಮಾನ ಅಂದುಕೊಂಡು ಅದೇ ಲೆಕ್ಕವನ್ನು ಬೇರೆ ಬೇರೆ ಬರೆಯುತ್ತಾ ಹೋದರೆ? ಒಂದೇ ಅಂಗಡಿಗೆ ಇಬ್ಬರು ಗುಮಾಸ್ತರು, ಎರಡು ಖಾತೆ ಪುಸ್ತಕ, ಯಾವುದು ಖರೆ ಅಂತ ಹೇಳುವವರಿಲ್ಲ. ಆ ಗತಿ ಬರಬಾರದು ಅಂತಲೇ ಅರ್ಧಕ್ಕಿಂತ ಜಾಸ್ತಿ ಓಟು ಇಲ್ಲದವನು ಕೈ ಕಟ್ಟಿ ಕೂರಬೇಕು ಅನ್ನುವ ನಿಯಮ. ಬರೀ ಕೂರುವುದೂ ಅಲ್ಲ, ಆ ಯಂತ್ರದ ಮೇಲೆ ಎಚ್‌ಎ (ಒಂದು ಕಡೆ ಸತ್ತರೆ ಇನ್ನೊಂದು ಕಡೆ ಏಳಬೇಕು) ಅಂತ ಗುರುತು ಹಾಕಿದ ವರ್ಚುವಲ್ ಮೆಷಿನ್ ನಡೆಯುತ್ತಿದ್ದರೆ ಆ ಯಂತ್ರ ಒಂದು ನಿಮಿಷ ಕಾದು ತನ್ನನ್ನು ತಾನೇ ರೀಸ್ಟಾರ್ಟ್ ಮಾಡಿಕೊಳ್ಳುತ್ತದೆ. ಪೈ ಬರುವ ಮೊದಲೇ ಆತುರಕ್ಕೆ ಒಂದರ ಪ್ಲಗ್ ಕಿತ್ತು ಪರೀಕ್ಷೆ ಮಾಡಿದೆ. ಇದೊಂದು ಸತ್ತಿತು, ಅದೊಂದು ಸ್ವಲ್ಪ ಹೊತ್ತಿಗೆ ತಾನೇ ರೀಸ್ಟಾರ್ಟ್ ಆಗಿ ಎದ್ದು ಬಂದು ಸುಮ್ಮನೆ ಕೂತಿತು. ಒಂದು ಸತ್ತರೆ ಎರಡೂ ಹೋಗುವ ವ್ಯವಸ್ಥೆಯನ್ನು ನಾನೇ ಕೈಯಾರೆ ಕಟ್ಟಿದ್ದೆ.

ಮೂರನೇ ಓಟಿಗೆ ಅಂಥದ್ದೇ ದೊಡ್ಡ ಯಂತ್ರ ಬೇಡ. ರಾಸ್ಪ್‌ಬೆರಿ ಪೈ ಮೇಲೆ ಕ್ಯೂನೆಟ್‌ಡಿ ಅನ್ನುವ ಸಣ್ಣ ಪ್ರೋಗ್ರಾಂ ಹಾಕಿ, ಕ್ಲಸ್ಟರಿಗೆ ಕ್ಯೂಡಿವೈಸ್ ಅಂತ ಸೇರಿಸಿದರೆ ಆಯಿತು. ಅದು ಯಾವ ಮೆಷಿನ್ನನ್ನೂ ನಡೆಸುವುದಿಲ್ಲ, ಓಟು ಮಾತ್ರ ಹಾಕುತ್ತದೆ. ನಮ್ಮ ಕಾಟಾದ ಹುಡುಗ ಅದಕ್ಕೆ ಪಂಚ ಅಂತ ಹೆಸರಿಟ್ಟಿದ್ದಾನೆ. ಅದಾದ ಮೇಲೆ ಮತ್ತೆ ಪ್ಲಗ್ ಕಿತ್ತೆ. ವಾಚ್ ನೋಡುತ್ತಾ ನಿಂತೆ. ಎರಡು ನಿಮಿಷ ಏನೂ ಆಗಲಿಲ್ಲ, ಆಮೇಲೆ ಎರಡನೇ ಯಂತ್ರದಲ್ಲಿ ವಿಂಡೋಸ್ ಏಳತೊಡಗಿತು. ಟ್ಯಾಲಿ ತೆರೆದುಕೊಳ್ಳುವಷ್ಟರಲ್ಲಿ ಒಟ್ಟು ನಾಲ್ಕು ನಿಮಿಷ. ವರ್ಚುವಲ್ ಮೆಷಿನ್ನಿನ ಐಪಿ ಅದೇ ಇರುವುದರಿಂದ ಉಳಿದ ಕಂಪ್ಯೂಟರುಗಳಲ್ಲಿ ಏನೂ ಬದಲಿಸಬೇಕಾಗಿಲ್ಲ, ಟ್ಯಾಲಿ ಮುಚ್ಚಿ ಮತ್ತೆ ತೆರೆದರೆ ಸಾಕು. ಆ ಎರಡು ನಿಮಿಷ ಯಾಕೆ ಬೇಕು ಅಂತ ಮೊದಲು ಸಿಟ್ಟು ಬರುತ್ತಿತ್ತು. ಸತ್ತವನು ನಿಜವಾಗಿ ಸತ್ತಿದ್ದಾನೆ ಅಂತ ಖಾತ್ರಿಯಾಗುವವರೆಗೆ ಆಸ್ತಿ ಮುಟ್ಟಬಾರದು, ಅಷ್ಟೇ.

ಸ್ವಿಚ್ಚು ಸತ್ತರೆ? ಅದಕ್ಕೂ ಉತ್ತರ ಇದೆ, ಆದರೆ ನೀವೇ ಮಾಡಿಕೊಳ್ಳಬೇಕು. ಎಲ್ಲರ ಮಾತೂ ಒಂದೇ ಸ್ವಿಚ್ಚಿನ ಮೂಲಕ ಹೋಗುತ್ತಿದ್ದರೆ, ಅದು ಸುಟ್ಟ ದಿನ ಯಾರಿಗೂ ಯಾರೂ ಕಾಣುವುದಿಲ್ಲ, ಎರಡೂ ಯಂತ್ರ ರೀಸ್ಟಾರ್ಟ್ ಆಗಿಬಿಡುತ್ತವೆ. ಅದಕ್ಕೆ ಎರಡಕ್ಕೂ ಇನ್ನೊಂದೊಂದು ನೆಟ್‌ವರ್ಕ್ ಕಾರ್ಡ್ ಹಾಕಿ, ನಡುವೆ ನೇರ ಒಂದು ಕೇಬಲ್ ಎಳೆದೆ. ಸ್ವಿಚ್ಚು ಹೋದರೂ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ, ಮೂರರಲ್ಲಿ ಎರಡು ಓಟು ಉಳಿಯುತ್ತದೆ. ಕಾರ್ಡಿಗೆ ತಲಾ ಏಳೆಂಟು ನೂರು ರೂಪಾಯಿ. ಇಡೀ ಖರ್ಚಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ದುಡ್ಡು ಅದು.

ಡೇಟಾ ಎರಡೂ ಕಡೆ ಹೇಗೆ ಇರುತ್ತದೆ ಅಂತ ಕೇಳಬಹುದು. ದೊಡ್ಡ ಕಂಪನಿಗಳು ಎಲ್ಲ ಯಂತ್ರಕ್ಕೂ ಸೇರಿ ಒಂದು ಹಂಚಿಕೆಯ ಸ್ಟೋರೇಜ್ ಇಡುತ್ತವೆ. ನಮಗೆ ಅದು ಆಗದ ಮಾತು. ಪ್ರಾಕ್ಸ್‌ಮಾಕ್ಸ್‌ನಲ್ಲಿ ಜೆಡ್‌ಎಫ್‌ಎಸ್ ಅನ್ನುವ ಡಿಸ್ಕ್ ವ್ಯವಸ್ಥೆ ಬಳಸಿದರೆ ರೆಪ್ಲಿಕೇಶನ್ ಇದೆ, ಬದಲಾದಷ್ಟನ್ನು ಮಾತ್ರ ಆಗಾಗ ಆ ಕಡೆಗೆ ಕಳಿಸುತ್ತಿರುತ್ತದೆ. ಇಟ್ಟಂತೆ ಬಿಟ್ಟರೆ 15 ನಿಮಿಷಕ್ಕೊಮ್ಮೆ, ಕಡಿಮೆ ಅಂದರೆ 1 ನಿಮಿಷಕ್ಕೊಮ್ಮೆ. ಕಾಟಾದ ಡೇಟಾಬೇಸಿಗೆ 1 ನಿಮಿಷ ಇಟ್ಟಿದ್ದೇನೆ, ಟ್ಯಾಲಿ ಬೇರೆ ಮೆಷಿನ್ನಿನಲ್ಲಿದೆ, ಅದಕ್ಕೆ 5. ಅಂದರೆ ಯಂತ್ರ ಸತ್ತಾಗ ಕೊನೆಯ ಸಲ ಕಳಿಸಿದ ಮೇಲೆ ಬರೆದ ಲೆಕ್ಕ ಹೋಗಬಹುದು, ಅದನ್ನು ಅವರ ಕೈಪಿಡಿಯಲ್ಲೇ ಬರೆದಿದ್ದಾರೆ. ಒಂದು ನಿಮಿಷ ತಾನೇ ಅಂದುಕೊಂಡಿದ್ದೆ. ಆ ಒಂದು ನಿಮಿಷದ ಕತೆ ಆಮೇಲೆ ಹೇಳುತ್ತೇನೆ.

ಅದಕ್ಕಿಂತ ಮೊದಲು ಕಾಟಾದ ವೈರು. ಇದನ್ನು ಯಾವ ವಿಡಿಯೋದಲ್ಲೂ ಯಾರೂ ಹೇಳಲಿಲ್ಲ, ಮಿಲ್ಲು, ಜಿನ್ನಿಂಗ್ ಫ್ಯಾಕ್ಟರಿ, ಕ್ರಷರ್ ಇಟ್ಟುಕೊಂಡವರು ದಯವಿಟ್ಟು ಓದಿ. ತೂಕ ತೋರಿಸುವ ಡಬ್ಬಿಯಿಂದ ಬರುವುದು ಹಳೇ ಕಾಲದ ಸೀರಿಯಲ್ ಕೇಬಲ್. ಅದು ಯಾವ ಯಂತ್ರದ ಬೆನ್ನಿಗೆ ಚುಚ್ಚಿದೆಯೋ ಅಲ್ಲೇ ಇರುತ್ತದೆ. ಸಾಫ್ಟ್‌ವೇರ್ ಎರಡನೇ ಯಂತ್ರಕ್ಕೆ ಹಾರಿ ಹೋಗಬಹುದು, ವೈರು ಹಾರುವುದಿಲ್ಲ ಅಲ್ವಾ? ಯುಎಸ್‌ಬಿ ಡಾಂಗಲ್ ಹಾಕಿ ನಡೆಸುವ ಸಾಫ್ಟ್‌ವೇರಿಗೂ ಇದೇ ಪಾಡು. ಹೀಗೆ ಯಂತ್ರಕ್ಕೆ ಕಟ್ಟಿಹಾಕಿದ ವರ್ಚುವಲ್ ಮೆಷಿನ್ನನ್ನು ಪ್ರಾಕ್ಸ್‌ಮಾಕ್ಸ್ ಎರಡನೇ ಕಡೆಗೆ ಸಾಗಿಸಲಾರದು. ಸೀರಿಯಲನ್ನು ನೆಟ್‌ವರ್ಕಿಗೆ ತಿರುಗಿಸುವ ಸಣ್ಣ ಡಬ್ಬಿಗಳು ಸಿಗುತ್ತವೆ, ಅದೊಂದು ದಾರಿ. ನಾನು ಇನ್ನೊಂದು ದಾರಿ ಹಿಡಿದೆ. ವೈರು ಕಾಟಾ ರೂಮಿನ ಕಂಪ್ಯೂಟರಿನಲ್ಲೇ ಇರಲಿ, ತೂಕ ಓದುವ ಕೆಲಸ ಅದು ಮಾಡಲಿ, ಬರೆದಿಡುವ ಡೇಟಾಬೇಸ್ ಮಾತ್ರ ಕ್ಲಸ್ಟರಿನೊಳಗೆ. ಕಾಟಾ ರೂಮಿನ ಕಂಪ್ಯೂಟರ್ ಕೆಟ್ಟರೆ ಅಂತ ಒಂದು ಹಳೇ ಲ್ಯಾಪ್‌ಟಾಪ್‌ಗೆ ಅದೇ ಸಾಫ್ಟ್‌ವೇರ್ ಹಾಕಿ, ಪೋರ್ಟ್ ನಂಬರ್ ಎಲ್ಲ ಹೊಂದಿಸಿ, ಯುಎಸ್‌ಬಿ ಸೀರಿಯಲ್ ಕೇಬಲ್ ಸುತ್ತಿ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಎರಡು ತಿಂಗಳಿಗೊಮ್ಮೆ ಚಾರ್ಜ್ ಮಾಡಿ ಒಂದು ಗಾಡಿ ತೂಗಿಸುತ್ತೇನೆ.

ಇಷ್ಟೆಲ್ಲ ಮಾಡಿ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದಾಗ 2025ರ ಮೇ ತಿಂಗಳಲ್ಲಿ ಎರಡೂ ಸರ್ವರ್ ಒಂದೇ ಕ್ಷಣಕ್ಕೆ ಕಣ್ಣು ಮುಚ್ಚಿದವು. ಪ್ರಾಕ್ಸ್‌ಮಾಕ್ಸ್‌ನದು ಏನೂ ತಪ್ಪಿಲ್ಲ. ನಾನು ಎರಡನ್ನೂ, ಪೈಯನ್ನೂ, ಸ್ವಿಚ್ಚನ್ನೂ ಒಂದೇ ಯುಪಿಎಸ್‌ಗೆ ಹಾಕಿದ್ದೆ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು ಹೇಗಿರುತ್ತದೆ ಗೊತ್ತಲ್ಲ, ಆ ರೂಮಿಗೆ ಎಸಿ ಇರಲಿಲ್ಲ, ಯುಪಿಎಸ್ ಒಳಗಿನ ಬ್ಯಾಟರಿ ಊದಿಕೊಂಡು ಹೊರಗೆ ತೆಗೆಯಲೂ ಬಾರದಂತೆ ಸಿಕ್ಕಿಕೊಂಡಿತ್ತು. ಕರೆಂಟು ಹೋಯಿತು, ಜನರೇಟರ್ ಶುರುವಾಗುವ ಎಂಟು ಹತ್ತು ಸೆಕೆಂಡಿನಲ್ಲೇ ಎಲ್ಲ ಮಲಗಿದವು. ಸಾಹುಕಾರರು ಬಾಗಿಲಲ್ಲಿ ನಿಂತು, "ಎರಡು ಗೇಟು ಮಾಡಿ ಎರಡಕ್ಕೂ ಒಂದ ಚೈನು ಕಟ್ಟೀರಿ" ಅಂದರು. ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ.

ಈಗ ಒಂದು ಆಫೀಸಿನಲ್ಲಿದೆ, ಇನ್ನೊಂದು ಮೇಲಿನ ಸ್ಯಾಂಪಲ್ ರೂಮಿನಲ್ಲಿ. ಎರಡಕ್ಕೂ ಬೇರೆ ಬೇರೆ ಯುಪಿಎಸ್, ಬೇರೆ ಬೇರೆ ಫೇಸ್. ಪೈ ಕಾಟಾ ರೂಮಿಗೆ ಹೋಯಿತು. ಯುಪಿಎಸ್ ಬ್ಯಾಟರಿ ತೀರಾ ಕೆಳಗಿಳಿದರೆ ಸರ್ವರ್ ತಾನಾಗಿ ನೀಟಾಗಿ ಮುಚ್ಚಿಕೊಳ್ಳುವ ಹಾಗೆ ನಟ್ ಅನ್ನುವ ಉಚಿತ ಪ್ರೋಗ್ರಾಂ ಹಾಕಿದ್ದೇನೆ. ಬಯೋಸ್‌ನಲ್ಲಿ ಕರೆಂಟು ಬಂದ ಕೂಡಲೇ ಆನ್ ಆಗು ಅಂತಲೂ ಹೇಳಿದ್ದೇನೆ, ಇಲ್ಲದಿದ್ದರೆ ಭಾನುವಾರ ಬಂದು ಬಟನ್ ಒತ್ತುವವನು ನಾನೇ.

ಯಂತ್ರ ದೂರ ಹೋದದ್ದರಿಂದ ಆ ನೇರ ಕೇಬಲ್ ಗೋಡೆ ಕೊರೆದು ಮಾಳಿಗೆ ಹತ್ತಿತು. ಅಕ್ಕಿ ಮಿಲ್ಲು ಅಂದ ಮೇಲೆ ಇಲಿ ಇರದೆ ಇರುತ್ತವಾ, ಕಡಿದು ಹಾಕಿದವು. ಕ್ಲಸ್ಟರ್ ನಿಲ್ಲಲಿಲ್ಲ, ಸ್ವಿಚ್ಚಿನ ದಾರಿ ಇತ್ತಲ್ಲ. ಯಾವುದೂ ನಿಲ್ಲದ್ದರಿಂದಲೇ ನನಗೆ ಗೊತ್ತೂ ಆಗಲಿಲ್ಲ. ಎಷ್ಟು ದಿನ ಹಾಗೇ ನಡೆದಿತ್ತೋ ದೇವರಿಗೇ ಗೊತ್ತು, ಒಂದು ದಿನ ಬೇರೇನೋ ಹುಡುಕುವಾಗ ಕಣ್ಣಿಗೆ ಬಿತ್ತು. ಆ ದಿನಗಳಲ್ಲಿ ಸ್ವಿಚ್ಚು ಸುಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಕೇಬಲನ್ನು ಕಬ್ಬಿಣದ ಪೈಪಿನೊಳಗೆ ಹಾಕಿದ್ದಾಯಿತು, ಪ್ರತಿ ಸೋಮವಾರ ಎರಡೂ ಲಿಂಕ್ ಇವೆಯಾ ಅಂತ ಕಮಾಂಡ್ ಹೊಡೆದು ನೋಡುವುದು ನನ್ನ ಡೈರಿಗೆ ಸೇರಿತು.

ಬ್ಯಾಕಪ್ ವಿಷಯಕ್ಕೆ ಬಂದರೆ, ಇಲ್ಲಿ ಜನ ಜಾಸ್ತಿ ಎಡವುತ್ತಾರೆ, ನಾನೂ ಎಡವುವವನಿದ್ದೆ. ಎರಡು ಕಡೆ ಡೇಟಾ ಇದೆಯಲ್ಲ, ಇನ್ನೇನು ಬ್ಯಾಕಪ್ ಅಂತ. ನಮ್ಮ ಆಫೀಸಿನಲ್ಲಿ ಒಬ್ಬರು ಹಳೇ ವರ್ಷದ ಫೋಲ್ಡರ್ ಅಂದುಕೊಂಡು ನಡೆಯುತ್ತಿರುವ ವರ್ಷದ ಟ್ಯಾಲಿ ಫೋಲ್ಡರನ್ನೇ ಅಳಿಸಿದರು. ಪಾಪ, ಜಾಗ ಖಾಲಿ ಮಾಡುವ ಒಳ್ಳೆಯ ಉದ್ದೇಶದಿಂದ. ಐದು ನಿಮಿಷದೊಳಗೆ ಆ ಅಳಿಸಿದ್ದೂ ನಿಷ್ಠೆಯಿಂದ ಎರಡನೇ ಯಂತ್ರಕ್ಕೆ ಹೋಗಿ ತಲುಪಿತು. ವೈರಸ್ ಬಂದು ಫೈಲಿಗೆಲ್ಲ ಬೀಗ ಹಾಕಿದರೂ ಅಷ್ಟೇ, ಬೀಗದ ಸಮೇತ ಆ ಕಡೆಗೆ ಹೋಗುತ್ತದೆ.

ಅವತ್ತು ಕಾಪಾಡಿದ್ದು ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್. ಅದೇ ಕಂಪನಿಯದು, ಅದೂ ಉಚಿತ, ಆದರೆ ಬೇರೆಯೇ ಸಾಫ್ಟ್‌ವೇರ್, ಬೇರೆ ಯಂತ್ರಕ್ಕೆ ಹಾಕಬೇಕು. 2022ರಲ್ಲಿ ಕೆಟ್ಟಿದ್ದ ಆ ಟವರಿಗೇ ಹೊಸ ಡಿಸ್ಕ್ ಹಾಕಿ ಅದನ್ನು ಮಾಡಿದ್ದೇನೆ. ಮೊದಲ ಸಲ ಪೂರ್ತಿ ನಕಲು ತೆಗೆದುಕೊಳ್ಳುತ್ತದೆ, ಆಮೇಲೆ ಬದಲಾದ ತುಂಡುಗಳನ್ನು ಮಾತ್ರ, ಒಂದೇ ಥರದ ತುಂಡನ್ನು ಎರಡು ಸಲ ಇಡುವುದಿಲ್ಲ. ದಿನಕ್ಕೆ ನಾಲ್ಕು ಸಲ ತೆಗೆದರೂ ಜಾಗ ಬೇಗ ತುಂಬುತ್ತಿಲ್ಲ. ಇಡೀ ಮೆಷಿನ್ ವಾಪಸ್ ತರಬೇಕಾಗಿಲ್ಲ, ಬ್ಯಾಕಪ್ ತೆರೆದು ಒಳಗಿನ ಒಂದೇ ಫೋಲ್ಡರನ್ನು ಹೊರಗೆ ತೆಗೆಯಬಹುದು. ಮಧ್ಯಾಹ್ನ 1 ಗಂಟೆಯ ಬ್ಯಾಕಪ್‌ನಿಂದ ಟ್ಯಾಲಿ ಫೋಲ್ಡರ್ ತೆಗೆದು ಕೊಟ್ಟೆ. ಅವರು ಅಳಿಸಿದ್ದು 3ಕ್ಕೆ, ಹಾಗಾಗಿ ಎರಡು ಗಂಟೆಯ ಎಂಟ್ರಿ ಮತ್ತೆ ಹೊಡೆದರು. ಮೂರು ವಾರದ್ದು ಹೊಡೆದ ನನಗೆ ಎರಡು ಗಂಟೆ ಯಾವ ಲೆಕ್ಕ.

ಆ ಬ್ಯಾಕಪ್ ಯಂತ್ರ ಗೋದಾಮಿನ ಕೊನೆಯ ರೂಮಿನಲ್ಲಿದೆ. ಆಫೀಸಿಗೆ ಬೆಂಕಿ ಬಿದ್ದರೂ ಅದು ಉಳಿಯಲಿ ಅಂತ. ಹೊಟ್ಟು, ತೌಡು, ಗೋಣಿಚೀಲ ತುಂಬಿದ ಜಾಗ, ಬೆಂಕಿ ಅನ್ನುವುದು ನಮಗೆ ಪುಸ್ತಕದ ಮಾತಲ್ಲ. ಆಫೀಸಿನಿಂದ ಅಲ್ಲಿಗೆ 160 ಮೀಟರ್. ಮಾಮೂಲಿ ತಾಮ್ರದ ನೆಟ್‌ವರ್ಕ್ ಕೇಬಲಿನ ಮಿತಿ 100 ಮೀಟರ್, ಅದಕ್ಕೆ ಫೈಬರ್ ಎಳೆಸಿ ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಹಾಕಿಸಿದೆ. 100 ಮೀಟರಿನೊಳಗೆ ಇದ್ದಿದ್ದರೂ ಫೈಬರೇ ಹಾಕಿಸುತ್ತಿದ್ದೆ. ಮಳೆಗಾಲಕ್ಕೆ ಮುಂಚಿನ ಆ ಗುಡುಗು ಸಿಡಿಲಿನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ತಾಮ್ರದ ತಂತಿ ವಿದ್ಯುತ್ತನ್ನು ನೇರ ಯಂತ್ರದೊಳಗೆ ತಂದುಬಿಡುತ್ತದೆ, ಗಾಜಿನ ಎಳೆ ತರುವುದಿಲ್ಲ. ಇದರ ಜೊತೆಗೆ ಪ್ರತಿ ಶನಿವಾರ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲು ಮಾಡಿ, ವೈರು ಕಿತ್ತು, ಬ್ಯಾಗಿಗೆ ಹಾಕಿಕೊಂಡು ಮನೆಗೆ ಒಯ್ಯುತ್ತೇನೆ. ನೆಟ್‌ವರ್ಕಿಗೆ ಸಿಕ್ಕಿಸಿದ ಯಾವುದನ್ನೂ ನಾನು ಪೂರ್ತಿ ನಂಬುವುದಿಲ್ಲ.

ಇಷ್ಟವಾಗದ್ದು ಏನು? ಭಾಷೆ ಪೂರ್ತಿ ಕಂಪ್ಯೂಟರ್ ಓದಿದವರದು. ಕೋರಮ್, ಫೆನ್ಸಿಂಗ್, ವಾಚ್‌ಡಾಗ್ ಅಂತ ಬರುತ್ತವೆ, ಹೊಸಬರು ಹೆದರುತ್ತಾರೆ. ಕ್ಯೂಡಿವೈಸ್ ಸೇರಿಸುವುದಕ್ಕೆ ಬ್ರೌಸರಿನಲ್ಲಿ ಬಟನ್ ಇಲ್ಲ, ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆಯಬೇಕು. ಇದು ಅವರು ಮಾಡಬೇಕಾಗಿದ್ದ ಕೆಲಸ, ಎರಡು ಯಂತ್ರ ಇಟ್ಟುಕೊಳ್ಳುವ ಸಣ್ಣವರೇ ಇದನ್ನು ಜಾಸ್ತಿ ಬಳಸುವುದು. ಜೆಡ್‌ಎಫ್‌ಎಸ್ ಮೆಮೊರಿ ಚೆನ್ನಾಗಿ ತಿನ್ನುತ್ತದೆ, 8 ಜಿಬಿ ಯಂತ್ರ ಇಟ್ಟುಕೊಂಡು ಈ ಸಾಹಸಕ್ಕೆ ಇಳಿಯಬೇಡಿ. ಅಗ್ಗದ ಎಸ್‌ಎಸ್‌ಡಿಯೂ ಇದರ ಬರವಣಿಗೆ ತಡೆಯದೆ ಬೇಗ ಸವೆಯುತ್ತದೆ, ಎಷ್ಟು ಸವೆದಿದೆ ಅಂತ ಶೇಕಡಾ ಲೆಕ್ಕದಲ್ಲಿ ತೋರಿಸುವ ಜಾಗ ಬ್ರೌಸರಿನಲ್ಲೇ ಇದೆ, ಆಗಾಗ ನೋಡಿ. ಫೋನ್ ಮಾಡಿ ಕೇಳುವುದಕ್ಕೆ ಯಾರೂ ಇಲ್ಲ. ಅತಿ ಅಗ್ಗದ್ದನ್ನು ಬಿಟ್ಟು ಮೇಲಿನ ಚಂದಾ ತೆಗೆದುಕೊಂಡರೆ ಅವರ ಸಹಾಯ ಸಿಗುತ್ತದೆ, ಅದು ಪ್ರೊಸೆಸರ್ ಸಾಕೆಟ್ ಲೆಕ್ಕದಲ್ಲಿ, ವರ್ಷಕ್ಕೆ, ಯೂರೋದಲ್ಲಿ. ಎರಡು ಕಂಪ್ಯೂಟರ್ ಇರುವ ಅಂಗಡಿಗೆ ಇದೆಲ್ಲ ಬೇಡವೇ ಬೇಡ. ಒಂದು ಯಂತ್ರ, ಎರಡು ಎಕ್ಸ್‌ಟರ್ನಲ್ ಡಿಸ್ಕ್, ಒಂದು ಮನೆಯಲ್ಲಿ ಒಂದು ಅಂಗಡಿಯಲ್ಲಿ, ಅಷ್ಟು ಸಾಕು.

ಸ್ಟಾರ್ ಕೇಳಿದರೆ ನಾಲ್ಕು. ಬ್ಯಾಕಪ್ ಸರ್ವರಿಗೆ ಬೇಕಿದ್ದರೆ ಐದೂ ಕೊಡುತ್ತೇನೆ.

ಇನ್ನು ಆ ಒಂದು ನಿಮಿಷದ ಕತೆ. 2025ರ ನವೆಂಬರ್, ಭತ್ತ ಜೋರಾಗಿ ಬರುತ್ತಿದ್ದ ದಿನ, ನಾನು ಕಾರಟಗಿಯಲ್ಲಿ ನೆಂಟರ ಮನೆ ಮದುವೆಯಲ್ಲಿದ್ದೆ. ಊಟದ ಎಲೆ ಮುಂದೆ ಕೂತಾಗ ಮೊಬೈಲಿಗೆ ಪ್ರಾಕ್ಸ್‌ಮಾಕ್ಸ್‌ನಿಂದ ಮೇಲ್ ಬಂತು, ಒಂದನೇ ಯಂತ್ರ ಕಾಣುತ್ತಿಲ್ಲ, ಫೆನ್ಸ್ ಮಾಡಿದ್ದೇನೆ, ಅಂದರೆ ಗುಂಪಿನಿಂದ ಹೊರಗಿಟ್ಟಿದ್ದೇನೆ ಅಂತ. ಕಾಟಾದ ಹುಡುಗನಿಗೆ ಫೋನ್ ಮಾಡಿದೆ. "ಹೌದ್ರಿ ಸರ, ಹ್ಯಾಂಗ್ ಆಗಿತ್ತು. ಚಾ ಕುಡ್ದು ಬಂದು ಬಂದ್ ಮಾಡಿ ಚಾಲೂ ಮಾಡಿದ್ಯಾ, ಸರಿ ಆತು" ಅಂದ. ನಾನು ಹೋಳಿಗೆ ಇನ್ನೊಂದು ಹಾಕಿಸಿಕೊಂಡೆ. ಪವರ್ ಸಪ್ಲೈ ಸುಟ್ಟಿತ್ತಂತೆ, ಮರುದಿನ ಬದಲಿಸಿದೆ, ಮೆಷಿನ್ ತಾನಾಗಿ ವಾಪಸ್ ಹೋಗದ ಹಾಗೆ ಮೊದಲೇ ಟಿಕ್ ಹಾಕಿದ್ದರಿಂದ ರಾತ್ರಿ ಗಾಡಿ ನಿಂತ ಮೇಲೆ ನಿಧಾನಕ್ಕೆ ಹಿಂದಕ್ಕೆ ತಂದೆ.

ವಾರದ ಕೊನೆಗೆ ಲೆಕ್ಕ ಕೂಡಿಸುವಾಗ ಒಂದು ಟ್ರ್ಯಾಕ್ಟರ್ ಭತ್ತ ಕಡಿಮೆ ಬಂತು. ರೈತರ ಕೈಯಲ್ಲಿ ಚೀಟಿ ಇದೆ, ನಂಬರ್ 4417, ನಮ್ಮ ಕಾರ್ಬನ್ ಕಾಪಿಯೂ ಇದೆ. ಕಂಪ್ಯೂಟರಿನಲ್ಲಿ 4417 ಅಂತ ತೆರೆದರೆ ಅದು ಬೇರೆಯವರ ಲಾರಿ! ತಲೆ ಕೆಡಿಸಿಕೊಂಡು ಕೂತ ಮೇಲೆ ಹೊಳೆಯಿತು. ಯಂತ್ರ ಸಾಯುವ ಕೆಲವು ಸೆಕೆಂಡು ಮೊದಲು ಆ ಟ್ರ್ಯಾಕ್ಟರಿನ ಚೀಟಿ ಪ್ರಿಂಟ್ ಆಗಿದೆ, ಆದರೆ ಆ ಎಂಟ್ರಿ ಎರಡನೇ ಯಂತ್ರಕ್ಕೆ ಹೋಗಿಲ್ಲ. ಎರಡನೇ ಯಂತ್ರ ಎದ್ದಾಗ ಅದರ ಲೆಕ್ಕದಲ್ಲಿ ಕೊನೆಯ ಚೀಟಿ 4416. ಮುಂದಿನ ಲಾರಿಗೆ ಅದು ಮತ್ತೆ 4417 ಕೊಟ್ಟಿದೆ. ಒಂದೇ ನಂಬರಿನ ಎರಡು ಚೀಟಿ, ಎರಡೂ ಖರೆ. ಕಾರ್ಬನ್ ಕಾಪಿ ಇಟ್ಟುಕೊಂಡಿದ್ದಕ್ಕೆ ಆ ರೈತರ ದುಡ್ಡು ಸಲ್ಲಿತು.

ಈಗ ಕಾಟಾ ರೂಮಿನ ಗೋಡೆ ಮೇಲೆ ಮಾರ್ಕರಿನಲ್ಲಿ ಬರೆದಿದ್ದೇನೆ: ಹ್ಯಾಂಗ್ ಆಗಿ ಮತ್ತೆ ಚಾಲೂ ಆದರೆ ಕೊನೆಯ ಕಾರ್ಬನ್ ಚೀಟಿ ನಂಬರ್, ಕಂಪ್ಯೂಟರಿನ ಕೊನೆಯ ನಂಬರ್ ಎರಡೂ ನೋಡು, ತಾಳೆಯಾಗದಿದ್ದರೆ ಗಾಡಿ ಬಿಡಬೇಡ, ನನಗೆ ಫೋನ್ ಮಾಡು. ಹುಡುಗ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಸೇರಿಸಿದ್ದಾನೆ, ಚಾ ಆಮೇಲೆ.